ನೀರುಗಂಟಿಯನ್ನು ಕೊಂಡವರು

ಎಸ್.ಪಿ. ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಮಳೆಯಲ್ಲಿ ನೆನೆದು ಮೂರ್ಛೆಹೋಗಿದ್ದ ನನ್ನ ಫೋನನ್ನು ಬಿಚ್ಚಿ ಮೇಜಿನ ಮೇಲೆ ಹರವಿಕೊಂಡಿದ್ದ ಹುಡುಗ, ಹೆಬ್ಬೆರಳಿನ ಉಗುರಿನಷ್ಟೇ ಅಗಲವಾದ ಒಂದು ಕಪ್ಪು ಚೌಕವನ್ನು ಚಿಮುಟದ ತುದಿಯಿಂದ ತೋರಿಸಿ, "ಇದೊಂದು ಉಳ್ಕೊಂಡಿದ್ರೆ ಸಾಕು ಸಾರ್, ಮಿಕ್ಕಿದ್ದೆಲ್ಲ ಹೆಂಗಾದ್ರೂ ಮಾಡ್ಬೋದು" ಎಂದ. ಅವನ ಭೂತಗನ್ನಡಿಯನ್ನು ಇಸಿದುಕೊಂಡು ನೋಡಿದೆ. ಚೌಕದ ಬೆನ್ನಿನ ಮೇಲೆ ಅದನ್ನು ಮಾರಿದ ಕಂಪೆನಿಯ ಹೆಸರೂ, ಅದರ ಕೆಳಗೆ ಮಾಸಿದ ಬಿಳಿಯ ಬಣ್ಣದಲ್ಲಿ ಎರಡು ಸಾಲು ಅಂಕಿ ಅಕ್ಷರಗಳೂ ಇದ್ದವು. ಅದರ ಒಳಗಿನ ಆಲೋಚನಾಕ್ರಮವನ್ನೆಲ್ಲ ಮೊದಲು ಕಲ್ಪಿಸಿದ ಸಂಸ್ಥೆಯ ಹೆಸರು ಮಾತ್ರ ಅಲ್ಲಿ ಎಲ್ಲಿಯೂ ಇರಲಿಲ್ಲ.

ಆ ಸಂಸ್ಥೆಯ ಹೆಸರು ಆರ್ಮ್. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ನೆಲೆಗೊಂಡಿರುವ ಇದು ತನ್ನ ಚರಿತ್ರೆಯ ಬಹುಭಾಗದಲ್ಲಿ ಸ್ವಂತ ಹೆಸರಿನ ಒಂದು ಚಿಪ್ಪನ್ನೂ ಮಾರಾಟಕ್ಕೆ ಇಟ್ಟುದಿಲ್ಲ. ಆದರೂ ಜಗತ್ತಿನ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ 99ಕ್ಕಿಂತಲೂ ಹೆಚ್ಚಿನವು ಅದರ ವಿನ್ಯಾಸವನ್ನು ಆಶ್ರಯಿಸಿಯೇ ನಡೆಯುತ್ತವೆ. ಪ್ರತಿಯೊಂದು ಚಿಪ್ಪಿಗೂ ಅದಕ್ಕೆ ತಿಳಿಯುವ ಒಂದು ಭಾಷೆಯುಂಟು. ಈ ಎರಡು ಸಂಖ್ಯೆಗಳನ್ನು ಕೂಡು, ಇದನ್ನು ಅಲ್ಲಿಂದ ತೆಗೆದು ಇಲ್ಲಿಡು, ಇದು ಅದಕ್ಕಿಂತ ದೊಡ್ಡದಾದರೆ ಆ ಕಡೆಗೆ ಹೋಗು ಎಂಬಂತಹ ಕೆಲವು ನೂರು ಆಜ್ಞೆಗಳೇ ಆ ಭಾಷೆಯ ಶಬ್ದಸಂಪತ್ತು, ಅವನ್ನು ಜೋಡಿಸುವ ಕ್ರಮವೇ ಅದರ ವ್ಯಾಕರಣ. ನಾವು ಬೆರಳಿನಿಂದ ಸವರುವ ಚಿತ್ರ, ಕೇಳುವ ಹಾಡು, ಕಳುಹಿಸುವ ಹಣ ಎಲ್ಲವೂ ಕಟ್ಟಕಡೆಗೆ ಈ ಆಜ್ಞೆಗಳ ಮಾಲೆಯಾಗಿ ಪರಿಣಮಿಸಬೇಕು. ಒಂದು ಭಾಷೆಯಲ್ಲಿ ಲಕ್ಷಾಂತರ ಗ್ರಂಥಗಳು ಬರೆಯಲ್ಪಟ್ಟ ಮೇಲೆ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಎಷ್ಟು ಕಷ್ಟವೋ, ಆರ್ಮ್ ಭಾಷೆಯನ್ನು ಬಿಟ್ಟು ಬೇರೊಂದಕ್ಕೆ ಹೋಗುವುದು ಫೋನು ತಯಾರಿಸುವವರಿಗೆ ಅಷ್ಟೇ ಕಷ್ಟ. ಇಂತಹದೊಂದು ಭಾಷೆಗೆ ಒಡೆಯನಿದ್ದಾನೆಂಬುದೂ, ಆ ಒಡೆತನವನ್ನು ಕ್ರಯಕ್ಕೆ ಕೊಡಬಹುದೆಂಬುದೂ ಸಾಮಾನ್ಯರಾದ ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಈ ಭಾಷೆ ಹುಟ್ಟಿದುದು ಬಡತನದಲ್ಲಿ. ಹರ್ಮನ್ ಹೌಸರ್ ಎಂಬ ಆಸ್ಟ್ರಿಯಾ ಮೂಲದ ಭೌತವಿಜ್ಞಾನಿಯೂ ಕ್ರಿಸ್ ಕರಿ ಎಂಬವರೂ 1978ರಲ್ಲಿ ಕೇಂಬ್ರಿಜ್‌ನಲ್ಲಿ ಆರಂಭಿಸಿದ ಏಕಾರ್ನ್ ಎಂಬ ಸಣ್ಣ ಕಂಪೆನಿ, ಬ್ರಿಟನ್ನಿನ ಶಾಲಾಮಕ್ಕಳಿಗಾಗಿ ಬಿಬಿಸಿ ಮೈಕ್ರೋ ಎಂಬ ಗಣಕವನ್ನು ಮಾಡಿ ಹೆಸರು ಪಡೆದಿತ್ತು. ಮುಂದಿನ ಗಣಕಕ್ಕೆ ತಕ್ಕ ಚಿಪ್ ಪೇಟೆಯಲ್ಲಿ ಸಿಕ್ಕದಿರಲು, ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬ ಇಬ್ಬರು ಎಂಜಿನಿಯರುಗಳು 1983ರಲ್ಲಿ ತಾವೇ ಒಂದನ್ನು ರಚಿಸತೊಡಗಿದರು. ದೊಡ್ಡ ಕಂಪೆನಿಗಳಲ್ಲಿ ಇಂತಹ ಕೆಲಸಕ್ಕೆ ನೂರಾರು ಜನ ದುಡಿಯುತ್ತಿದ್ದ ಕಾಲ ಅದು. ಹೌಸರ್ ಮುಂದೆ ನೆನಪಿಸಿಕೊಂಡಂತೆ, ಅವರು ತಮ್ಮ ತಂಡಕ್ಕೆ ಕೊಟ್ಟ ಅನುಕೂಲಗಳು ಎರಡೇ: ಹಣವಿಲ್ಲದಿರುವಿಕೆ ಮತ್ತು ಜನವಿಲ್ಲದಿರುವಿಕೆ. ಚಿಪ್ಪನ್ನು ದುಬಾರಿಯ ಪಿಂಗಾಣಿ ಕವಚದಲ್ಲಿಡದೆ ಅಗ್ಗದ ಪ್ಲಾಸ್ಟಿಕ್ಕಿನಲ್ಲಿಡಬೇಕಾಗಿದ್ದುದರಿಂದ ಅದು ಒಂದು ವ್ಯಾಟ್ ವಿದ್ಯುತ್ತಿಗಿಂತ ಹೆಚ್ಚು ಬಳಸಕೂಡದು. ಎಷ್ಟು ಬಳಸುತ್ತದೆಂದು ಮುಂಚಿತವಾಗಿ ಅಳೆಯುವ ಉಪಕರಣವೂ ಅವರಲ್ಲಿಲ್ಲ. ಆದುದರಿಂದ ಪ್ರತಿಯೊಂದು ಹೆಜ್ಜೆಯಲ್ಲಿಯೂ ಬೇಕಾದುದಕ್ಕಿಂತ ಹೆಚ್ಚು ಜಿಪುಣತನ ತೋರಿಸಿದರು.

1985ರ ಏಪ್ರಿಲ್ 26ರಂದು ಮೊದಲ ಚಿಪ್ ಕೈಸೇರಿತು. ಸುಮಾರು 25,000 ಟ್ರಾನ್ಸಿಸ್ಟರುಗಳ ಆ ತುಣುಕನ್ನು ಹಲಗೆಯ ಮೇಲೆ ಕೂರಿಸಿ ನೋಡಿದರೆ, ಮೊದಲ ಯತ್ನದಲ್ಲಿಯೇ ಅದು ಕೆಲಸ ಮಾಡಿತು. ಎಷ್ಟು ವಿದ್ಯುತ್ ಬಳಸುತ್ತಿದೆಯೆಂದು ಫರ್ಬರ್ ಮಾಪಕವನ್ನು ಹಚ್ಚಿದರೆ ಮುಳ್ಳು ಶೂನ್ಯದಲ್ಲಿಯೇ ನಿಂತಿತು. ಪರಿಶೀಲಿಸಿದಾಗ ತಿಳಿದುದೇನೆಂದರೆ, ಚಿಪ್ಪಿಗೆ ವಿದ್ಯುತ್ ಸರಬರಾಜಿನ ತಂತಿಯೇ ಜೋಡಿಸಲ್ಪಟ್ಟಿರಲಿಲ್ಲ. ಅಕ್ಕಪಕ್ಕದ ಮಂಡಲಗಳಿಂದ ಸಂಕೇತಗಳ ಮೂಲಕ ಸೋರಿ ಬರುತ್ತಿದ್ದ ಅತ್ಯಲ್ಪ ಶಕ್ತಿಯನ್ನೇ ಹೀರಿಕೊಂಡು ಅದು ತನ್ನ ಲೆಕ್ಕವನ್ನು ಮಾಡುತ್ತಿತ್ತು. ಜೇಬಿನ ಬ್ಯಾಟರಿಯ ಮೇಲೆ ದಿನವಿಡೀ ಬದುಕಬಲ್ಲ ಯಂತ್ರಗಳ ಯುಗಕ್ಕೆ ಇದಕ್ಕಿಂತ ಒಳ್ಳೆಯ ಶಕುನವನ್ನು ನಾನು ಕಾಣೆ. ಅದೇ 1985ರಲ್ಲಿ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ತನ್ನ ವಿನ್ಯಾಸಕೇಂದ್ರವನ್ನು ತೆರೆಯಿತೆಂಬುದನ್ನೂ, ಅದರ ಉಪಗ್ರಹ ಸಂಪರ್ಕದ ಸಾಮಗ್ರಿ ಎತ್ತಿನಗಾಡಿಯ ಮೇಲೆ ಬಂದಿತೆಂಬುದನ್ನೂ ಇಲ್ಲಿ ಜ್ಞಾಪಿಸಿಕೊಳ್ಳುವುದು ಅಪ್ರಸ್ತುತವಾಗಲಾರದು. ಏಕೆಂದರೆ ಮುಂದೆ ಆರ್ಮ್ ವಿನ್ಯಾಸಕ್ಕೆ ಪರವಾನಗಿ ಪಡೆದು ಅದನ್ನು ಫೋನುಗಳೊಳಗೆ ಸೇರಿಸಿದವರಲ್ಲಿ ಮೊದಲಿಗರು ಇದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು.

1990ರ ನವೆಂಬರಿನಲ್ಲಿ ಏಕಾರ್ನ್, ಆಪಲ್ ಮತ್ತು ವಿಎಲ್‌ಎಸ್‌ಐ ಎಂಬ ಮೂರು ಕಂಪೆನಿಗಳು ಕೂಡಿ ಆರ್ಮನ್ನು ಪ್ರತ್ಯೇಕ ಸಂಸ್ಥೆಯನ್ನಾಗಿ ಮಾಡಿದುವು. ಹನ್ನೆರಡು ಮಂದಿ ಎಂಜಿನಿಯರುಗಳು. ಕೇಂಬ್ರಿಜ್ ಸಮೀಪದ ಸ್ವಾಫಮ್ ಬುಲ್ಬೆಕ್ ಎಂಬ ಹಳ್ಳಿಯ ಒಂದು ಹಳೆಯ ಕಣಜದ ಮನೆ ಅವರ ಕಚೇರಿ. ಕಾರ್ಖಾನೆ ಕಟ್ಟುವಷ್ಟು ಹಣ ಅವರಲ್ಲಿರಲಿಲ್ಲವಾದುದರಿಂದ, ರಾಬಿನ್ ಸ್ಯಾಕ್ಸ್‌ಬಿಯವರ ಮುಂದಾಳ್ತನದಲ್ಲಿ ಅವರು ಹಿಡಿದ ಹಾದಿ ವಿಚಿತ್ರವಾಗಿತ್ತು: ಚಿಪ್ಪನ್ನು ಮಾಡುವುದು ಬೇಡ, ವಿನ್ಯಾಸವನ್ನು ಮಾತ್ರ ಕೇಳಿದವರಿಗೆಲ್ಲ ಪರವಾನಗಿಯ ಮೇಲೆ ಕೊಡೋಣ, ಮೊದಲಿಗೆ ಒಂದಿಷ್ಟು ಶುಲ್ಕ, ಆಮೇಲೆ ಅವರು ಮಾರುವ ಪ್ರತಿಯೊಂದು ಚಿಪ್ಪಿಗೂ ಇಷ್ಟೆಂದು ರಾಯಲ್ಟಿ. 1997ರಲ್ಲಿ ಬಂದ ನೋಕಿಯಾ 6110 ಫೋನು ಈ ಹಾದಿಯನ್ನು ಹೆದ್ದಾರಿಯನ್ನಾಗಿಸಿತು. 2015ರ ಹೊತ್ತಿಗೆ ವರ್ಷಕ್ಕೆ ಸುಮಾರು 1,500 ಕೋಟಿ ಚಿಪ್ಪುಗಳು ಆರ್ಮ್ ವಿನ್ಯಾಸದಿಂದ ಹೊರಬರುತ್ತಿದ್ದುವು. ಆ ವರ್ಷದ ಆರ್ಮ್‌ನ ಆದಾಯ 96.8 ಕೋಟಿ ಪೌಂಡು. ಪರವಾನಗಿ ಶುಲ್ಕವನ್ನೂ ಸೇರಿಸಿ ಭಾಗಿಸಿ ನೋಡಿದರೆ ಚಿಪ್ ಒಂದಕ್ಕೆ ಆರೂವರೆ ಪೆನ್ಸ್ ಕೂಡ ಬೀಳುವುದಿಲ್ಲ.

ನಮ್ಮ ಕಡೆಯ ಕೆರೆಗಳ ಕೆಳಗೆ ಬೆಳೆದವರಿಗೆ ಈ ವ್ಯವಸ್ಥೆ ಹೊಸದೆನಿಸಬಾರದು. ನಮ್ಮೂರ ಕೆರೆಗೆ ಒಬ್ಬ ನೀರುಗಂಟಿ ಇದ್ದ. ನೀರು ಬಿಡುವ ಕಾಲ ಬಂದರೆ ತೂಬಿನ ಬಿರಡೆಯನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವ ರಾತ್ರಿ, ಎಷ್ಟು ಹೊತ್ತು ಎಂಬುದೆಲ್ಲ ಅವನ ಮಾತು. ಲಾಂದ್ರ ಹಿಡಿದು ಏರಿಯ ಮೇಲೆ ನಡೆದು, ಹೆಗಲ ಮೇಲಿನ ಗುದ್ದಲಿಯಿಂದ ಒಂದು ಮಡೆಯನ್ನು ಕಡಿದು ಇನ್ನೊಂದನ್ನು ಕಟ್ಟಿ ಅವನು ಹೋಗುತ್ತಿದ್ದುದನ್ನು ಹುಡುಗರಾದ ನಾವು ಜಗಲಿಯ ಮೇಲಿನಿಂದ ನೋಡುತ್ತಿದ್ದೆವು. ಸುಗ್ಗಿಯಲ್ಲಿ ಕಣಕ್ಕೆ ಬಂದು ನಿಂತರೆ, ಪಟೇಲರ ರಾಶಿಯಿಂದಲೂ ಬಡವನ ರಾಶಿಯಿಂದಲೂ ಅಷ್ಟಷ್ಟು ಕೊಳಗ ಭತ್ತ ಅವನಿಗೆ ಸಲ್ಲಬೇಕು. ಯಾವನೊಬ್ಬನ ಆಳೂ ಅವನಲ್ಲವಾದುದರಿಂದ ಎಲ್ಲರೂ ಅವನ ಮಾತಿಗೆ ತಲೆಬಾಗುತ್ತಿದ್ದರು. ಪರಸ್ಪರ ಕತ್ತು ಕೊಯ್ಯುವಷ್ಟು ಸ್ಪರ್ಧಿಸುವ ಆಪಲ್, ಸ್ಯಾಮ್‌ಸಂಗ್, ಕ್ವಾಲ್ಕಾಮ್, ಹುವಾವೆಗಳೆಲ್ಲ ಒಂದೇ ತೂಬಿನಿಂದ ನೀರು ಪಡೆಯುತ್ತ, ತಮ್ಮ ಮುಂದಿನ ಯೋಜನೆಗಳ ಗುಟ್ಟನ್ನು ಆರ್ಮ್‌ನ ಕಿವಿಯಲ್ಲಿ ನಿಶ್ಚಿಂತೆಯಿಂದ ಹೇಳಿದುದಕ್ಕೆ ಕಾರಣವೂ ಇದೇ.

ಈ ನೀರುಗಂಟಿಯನ್ನು 2016ರಲ್ಲಿ ಒಬ್ಬರು ಕೊಂಡರು. ಆ ವರ್ಷದ ಜೂನ್ 23ರಂದು ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟದಿಂದ ಹೊರಬರಲು ಮತವಿತ್ತರು. ಪೌಂಡಿನ ಬೆಲೆ ಕುಸಿಯಿತು. ಜುಲೈ ಆರಂಭದಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಸಮೂಹದ ಒಡೆಯರಾದ ಮಸಯೋಶಿ ಸೊನ್, ವಿಹಾರನೌಕೆಯಲ್ಲಿ ರಜೆ ಕಳೆಯುತ್ತಿದ್ದ ಆರ್ಮ್‌ನ ಅಧ್ಯಕ್ಷ ಸ್ಟುವರ್ಟ್ ಚೇಂಬರ್ಸ್ ಅವರನ್ನು ತುರ್ಕಿಯ ಮಾರ್ಮರಿಸ್ ಎಂಬ ಬಂದರಿನಲ್ಲಿ ಹುಡುಕಿ ಹಿಡಿದು, ಮುಖ್ಯಾಧಿಕಾರಿ ಸೈಮನ್ ಸೆಗಾರ್ಸ್ ಅವರನ್ನೂ ಅಲ್ಲಿಗೆ ಕರೆಯಿಸಿಕೊಂಡು, ಕಡಲ ದಡದ ಭೋಜನಶಾಲೆಯೊಂದರಲ್ಲಿ ಊಟಕ್ಕೆ ಕುಳಿತು ತಮ್ಮ ಬೆಲೆಯನ್ನು ಮುಂದಿಟ್ಟರು. ಜುಲೈ 18ರಂದು ವಿಷಯ ಬಹಿರಂಗವಾಯಿತು: ಷೇರೊಂದಕ್ಕೆ 17 ಪೌಂಡು, ಎಂದರೆ ಪೇಟೆಯ ದರಕ್ಕಿಂತ ನೂರಕ್ಕೆ 43ರಷ್ಟು ಹೆಚ್ಚು, ಒಟ್ಟು 2,430 ಕೋಟಿ ಪೌಂಡು. ಪೌಂಡಿನ ಕುಸಿತಕ್ಕೂ ತಮ್ಮ ನಿರ್ಧಾರಕ್ಕೂ ಸಂಬಂಧವಿಲ್ಲವೆಂದು ಸೊನ್ ಹೇಳಿದರು. ಕೆಲವೇ ದಿನಗಳ ಹಿಂದೆ ಅಧಿಕಾರಕ್ಕೆ ಬಂದಿದ್ದ ಬ್ರಿಟನ್ನಿನ ಸರ್ಕಾರ ಇದನ್ನು ದೇಶದ ಮೇಲಿನ ವಿಶ್ವಾಸದ ಕುರುಹೆಂದು ಹೊಗಳಿತು. ಹೌಸರ್ ಮಾತ್ರ ಅದು ತಮ್ಮ ಪಾಲಿಗೂ ಬ್ರಿಟನ್ನಿನ ತಂತ್ರವಿದ್ಯೆಯ ಪಾಲಿಗೂ ದುಃಖದ ದಿನವೆಂದರು. ಮಗಳ ಮದುವೆಯ ದಿನ ಬೇರೆಯವರೆಲ್ಲ ಬಾಜಾಭಜಂತ್ರಿಯನ್ನು ಹೊಗಳುತ್ತಿರಲು ಹಿತ್ತಲಿನಲ್ಲಿ ಒಬ್ಬನೇ ನಿಂತ ತಂದೆಯ ದನಿ ಅದರಲ್ಲಿ ನನಗೆ ಕೇಳಿಸುತ್ತದೆ.

ಕೊಳ್ಳುವವರಿಂದ ಬ್ರಿಟನ್ ವಾಗ್ದಾನ ತೆಗೆದುಕೊಳ್ಳದೆ ಬಿಡಲಿಲ್ಲ. 2010ರಲ್ಲಿ ಅಮೆರಿಕದ ಕ್ರಾಫ್ಟ್ ಕಂಪೆನಿ ಕ್ಯಾಡ್‌ಬರಿಯನ್ನು ಕೊಳ್ಳುವಾಗ ಬ್ರಿಸ್ಟಲ್ ಸಮೀಪದ ಒಂದು ಚಾಕೊಲೆಟ್ ಕಾರ್ಖಾನೆಯನ್ನು ಉಳಿಸುವೆನೆಂಬ ಆಸೆಯನ್ನು ಹುಟ್ಟಿಸಿ, ಕೊಂಡ ಕೆಲವೇ ದಿನಗಳಲ್ಲಿ ಅದನ್ನು ಮುಚ್ಚುವುದಾಗಿ ಹೇಳಿದ ಪ್ರಸಂಗ ಅಲ್ಲಿನವರಿಗೆ ಮರೆತಿರಲಿಲ್ಲ. ಆದುದರಿಂದ ಈ ಸಲ ಬಾಯಿಮಾತು ಸಾಲದೆಂದು, ಕಾನೂನಿನ ಬಲವುಳ್ಳ ವಾಗ್ದಾನಗಳನ್ನೇ ಬರೆಯಿಸಿಕೊಳ್ಳಲಾಯಿತು: ಕೇಂದ್ರಕಚೇರಿ ಕೇಂಬ್ರಿಜ್‌ನಲ್ಲಿಯೇ ಇರಬೇಕು, ಬ್ರಿಟನ್ನಿನಲ್ಲಿರುವ ಉದ್ಯೋಗಿಗಳ ಸಂಖ್ಯೆ ಐದು ವರ್ಷಗಳೊಳಗೆ ಇಮ್ಮಡಿಯಾಗಬೇಕು. ವ್ಯವಹಾರ ಸೆಪ್ಟೆಂಬರಿನಲ್ಲಿ ಮುಗಿದುದರಿಂದ ಈ ವಾಗ್ದಾನಗಳ ಆಯುಷ್ಯ 2021ರ ಸೆಪ್ಟೆಂಬರಿಗೆ ತೀರಿತು. 2022ರ ಮಾರ್ಚಿಯಲ್ಲಿ, ಎಂದರೆ ಅವಧಿ ಕಳೆದು ಆರು ತಿಂಗಳಾಗುವಷ್ಟರಲ್ಲಿ, ಆರ್ಮ್ ತನ್ನ ಸಿಬ್ಬಂದಿಯಲ್ಲಿ ನೂರಕ್ಕೆ 12ರಿಂದ 15ರಷ್ಟು ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಬ್ರಿಟನ್ ಮತ್ತು ಅಮೆರಿಕಗಳಲ್ಲಿದ್ದವರು. ವಾಗ್ದಾನ ಭಂಗವಾಯಿತೆಂದು ನಾನು ಹೇಳುತ್ತಿಲ್ಲ. ಮಾತಿಗೆ ತೇದಿಯಿತ್ತು, ತೇದಿ ಮುಗಿಯಿತು. ಮೂವತ್ತು ವರ್ಷಗಳಲ್ಲಿ ಬೆಳೆದ ಒಂದು ನೆಲೆಯನ್ನು ಐದು ವರ್ಷದ ಕಾಗದ ಕಾಯಬಲ್ಲುದೆಂದು ಸರ್ಕಾರವೊಂದು ನಂಬಿದುದನ್ನು ನೆನೆದಾಗ ಮಾತ್ರ ನನ್ನ ಮನಸ್ಸು ಕೆಡುತ್ತದೆ.

ಸಾಫ್ಟ್‌ಬ್ಯಾಂಕಿನ ಕೈಗೆ ಬಂದುದರಿಂದ ಒಳಿತೇ ಆಗಲಿಲ್ಲವೆಂದರೆ ಅನ್ಯಾಯವಾದೀತು. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲಾಭ ತೋರಿಸಬೇಕಾದ ಕಟ್ಟು ತಪ್ಪಿದುದರಿಂದ ಆರ್ಮ್ ಧಾರಾಳವಾಗಿ ಜನರನ್ನು ಸೇರಿಸಿಕೊಂಡು, ಸಂಶೋಧನೆಗೆ ವೆಚ್ಚಮಾಡಿ, ಫೋನಿನಿಂದಾಚೆಗೆ ಕೈಚಾಚಿತು. 2018ರಲ್ಲಿ ಅಮೆಜಾನ್ ತನ್ನ ಬೃಹತ್ ಗಣಕಾಗಾರಗಳಿಗಾಗಿ ಆರ್ಮ್ ವಿನ್ಯಾಸದ ಸ್ವಂತ ಚಿಪ್ಪನ್ನು ತಂದಿತು. 2020ರ ಜೂನಿನಲ್ಲಿ ಲೋಕದ ಅತ್ಯಂತ ವೇಗದ ಗಣಕವೆನಿಸಿದ ಜಪಾನಿನ ಫುಗಾಕು ಆರ್ಮ್ ಭಾಷೆಯನ್ನೇ ಆಡುತ್ತಿತ್ತು. ಅದೇ ವರ್ಷದ ಕೊನೆಯಲ್ಲಿ ಆಪಲ್ ತನ್ನ ಲ್ಯಾಪ್‌ಟಾಪುಗಳನ್ನು ಇಂಟೆಲ್‌ನಿಂದ ಬಿಡಿಸಿ ಇತ್ತ ತಿರುಗಿಸಿತು. ಬೆಂಗಳೂರಿನ ಆರ್ಮ್ ಕಚೇರಿಯೂ ಸಂಸ್ಥೆಯ ಮುಖ್ಯ ವಿನ್ಯಾಸಕೇಂದ್ರಗಳಲ್ಲಿ ಒಂದಾಗಿ ನಿಂತಿದೆ. ಕೇಂಬ್ರಿಜ್‌ನ ಗಾಳಿಗೆ ಇಲ್ಲಿಯ ಎಲೆಯೂ ಅಲುಗುತ್ತದೆ.

ಆದರೆ ಕೊಂಡವರಿಗೆ ಬೇರೆ ಬೇರೆ ಲೆಕ್ಕಗಳಿರುತ್ತವೆ, ಕೊಂಡ ವಸ್ತು ಆ ಲೆಕ್ಕಗಳಿಗೆಲ್ಲ ಒತ್ತೆಯಾಗಿ ನಿಲ್ಲಬೇಕಾಗುತ್ತದೆ. ಇದರ ಮೊದಲ ದೃಷ್ಟಾಂತ ಚೀನಾದಲ್ಲಿ ಸಿಕ್ಕಿತು. 2018ರಲ್ಲಿ ಸಾಫ್ಟ್‌ಬ್ಯಾಂಕ್, ಆರ್ಮ್‌ನ ಚೀನಾ ವ್ಯವಹಾರದ ನೂರಕ್ಕೆ 51ರಷ್ಟು ಪಾಲನ್ನು ಸುಮಾರು 77.5 ಕೋಟಿ ಡಾಲರಿಗೆ ಅಲ್ಲಿನ ಹೂಡಿಕೆದಾರರ ಕೂಟಕ್ಕೆ ಮಾರಿತು. ಎರಡು ವರ್ಷಗಳ ತರುವಾಯ ಆ ಶಾಖೆಯ ಆಡಳಿತ ಮಂಡಲಿ ತನ್ನ ಮುಖ್ಯಾಧಿಕಾರಿಯನ್ನು ಕೆಲಸದಿಂದ ತೆಗೆಯಲು ನಿರ್ಣಯಿಸಿದಾಗ, ಅವರು ಕುರ್ಚಿಯನ್ನು ಬಿಟ್ಟೇಳಲಿಲ್ಲ. ಕಾರಣ, ಕಂಪೆನಿಯ ಮೊಹರು ಅವರ ವಶದಲ್ಲಿತ್ತು. ಚೀನಾದ ಪದ್ಧತಿಯಂತೆ ಆ ಮೊಹರು ಯಾರ ಕೈಯಲ್ಲಿದೆಯೋ ಅವರ ರುಜುವಿಗೇ ಕಂಪೆನಿಯ ರುಜುವಿನ ಬೆಲೆ. ಬ್ಯಾಂಕಿನ ಪತ್ರವಾಗಲಿ, ನೇಮಕದ ಆದೇಶವಾಗಲಿ ಅದಿಲ್ಲದೆ ನಡೆಯದು. ಮುದ್ರೆಯುಂಗುರ ಕಳೆದುಕೊಂಡ ಅರಸನ ಕಥೆ ನಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ್ದೆವು; ಅಂಗೈಯಗಲದ ಒಂದು ಮುದ್ರೆಯಿಂದಾಗಿ, ಕೋಟ್ಯಂತರ ಡಾಲರಿನ ಸಂಸ್ಥೆಯೊಂದು ತನ್ನ ಆದಾಯದ ಸುಮಾರು ಕಾಲುಭಾಗ ಬರುವ ದೇಶದಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಕೈಕಟ್ಟಿ ಕುಳಿತುಕೊಳ್ಳಬೇಕಾಯಿತು. ಬಿಕ್ಕಟ್ಟು ಬಗೆಹರಿದುದು 2022ರ ಏಪ್ರಿಲ್ ಅಂತ್ಯದಲ್ಲಿ.

ಎರಡನೆಯ ದೃಷ್ಟಾಂತ ಇನ್ನೂ ದೂರದಿಂದ ಬಂದಿತು. ಕಚೇರಿಯ ಜಾಗಗಳನ್ನು ಬಾಡಿಗೆಗೆ ಕೊಡುವ ವೀವರ್ಕ್ ಎಂಬ ನ್ಯೂಯಾರ್ಕಿನ ಕಂಪೆನಿಯಲ್ಲಿ ಸಾಫ್ಟ್‌ಬ್ಯಾಂಕ್ ಅಪಾರ ಹಣ ಹಾಕಿತ್ತು. 2019ರಲ್ಲಿ ಆ ಕಂಪೆನಿಯ ಷೇರು ಮಾರಾಟದ ಪ್ರಯತ್ನ ಮುರಿದುಬಿದ್ದು, ಅದರ ಬೆನ್ನಿಗೇ ಮಹಾಮಾರಿಯೂ ಬಂದು, ಸಾಫ್ಟ್‌ಬ್ಯಾಂಕಿಗೆ ನಷ್ಟದ ಮೇಲೆ ನಷ್ಟವಾದಾಗ, ಸೊನ್ ಅವರು ಆಸ್ತಿಗಳನ್ನು ಮಾರಿ ಹಣ ಕೂಡಿಸಲು ಹೊರಟರು. ಮ್ಯಾನ್‌ಹಾಟನ್ನಿನ ಬಾಡಿಗೆ ಕುರ್ಚಿಗಳಿಗೂ ಕೇಂಬ್ರಿಜ್‌ನ ಚಿಪ್ ವಿನ್ಯಾಸಕ್ಕೂ ಇರುವ ಸಂಬಂಧ, ಒಬ್ಬನೇ ಸಾಹುಕಾರನ ಖಾತೆಪುಸ್ತಕದಲ್ಲಿ ಎರಡಕ್ಕೂ ಪುಟವಿತ್ತೆಂಬುದಷ್ಟೇ. 2020ರ ಸೆಪ್ಟೆಂಬರ್ 13ರಂದು ಆರ್ಮನ್ನು 4,000 ಕೋಟಿ ಡಾಲರಿಗೆ ಅಮೆರಿಕದ ಎನ್ವಿಡಿಯಾ ಕಂಪೆನಿಗೆ ಕೊಡುವುದೆಂದು ಘೋಷಣೆಯಾಯಿತು.

ಇಲ್ಲಿ ಓದುಗರು ಒಂದು ಭೇದವನ್ನು ಗಮನಿಸಬೇಕು, ಏಕೆಂದರೆ ಇಡೀ ಜಗಳ ನಿಂತಿರುವುದು ಅದರ ಮೇಲೆ. ಸಾಫ್ಟ್‌ಬ್ಯಾಂಕ್ ಹಣದ ವ್ಯಾಪಾರಿ. ಆಗ ಅದು ಆರ್ಮ್‌ನ ಗಿರಾಕಿಗಳೊಡನೆ ಚಿಪ್ ಮಾರುವ ಸ್ಪರ್ಧೆಗಿಳಿದಿರಲಿಲ್ಲ. ಎನ್ವಿಡಿಯಾ ಹಾಗಲ್ಲ, ಅದು ಸ್ವತಃ ಚಿಪ್ಪುಗಳನ್ನು ರೂಪಿಸಿ ಮಾರುತ್ತದೆ, ಆರ್ಮ್‌ನಿಂದ ಪರವಾನಗಿ ಪಡೆದಿರುವ ಹತ್ತಾರು ಕಂಪೆನಿಗಳಿಗೆ ಎದುರು ನಿಂತ ಪ್ರತಿಸ್ಪರ್ಧಿ. ಕೆರೆಯ ಕೆಳಗಿನ ರೈತರಲ್ಲಿಯೇ ಒಬ್ಬ, ಅದರಲ್ಲಿಯೂ ಎಲ್ಲರಿಗಿಂತ ಬಲವಾದವನು, ನೀರುಗಂಟಿಯನ್ನು ತನ್ನ ಮನೆಯಾಳಾಗಿ ಇಟ್ಟುಕೊಳ್ಳುವೆನೆಂದರೆ ಮಿಕ್ಕವರ ಗತಿಯೇನು? ಎಂದಿನಂತೆ ಎಲ್ಲರಿಗೂ ನೀರು ಬಿಡಿಸುವೆನೆಂದು ಎನ್ವಿಡಿಯಾದ ಜೆನ್ಸೆನ್ ಹುವಾಂಗ್ ಮತ್ತೆ ಮತ್ತೆ ಹೇಳಿದರು. ಅದನ್ನು ಅವರು ಮನಃಪೂರ್ವಕವಾಗಿ ಹೇಳಿರಲೂಬಹುದು. ಆದರೆ ಗೂಗಲ್, ಮೈಕ್ರೋಸಾಫ್ಟ್, ಕ್ವಾಲ್ಕಾಮ್‌ಗಳು ಒಪ್ಪಲಿಲ್ಲವೆಂಬ ವರದಿಗಳು ಬಂದುವು. ಹೌಸರ್ ಪ್ರಧಾನಮಂತ್ರಿ ಬೋರಿಸ್ ಜಾನ್ಸನ್ ಅವರಿಗೆ ಬಹಿರಂಗ ಪತ್ರ ಬರೆದು, ಎಲ್ಲರಿಗೂ ಸಮಾನವಾಗಿದ್ದ ಒಂದು ತಟಸ್ಥನೆಲೆ ಅಳಿಯುತ್ತದೆಂದೂ, ಅಮೆರಿಕದ ಕಂಪೆನಿಯ ಸೊತ್ತಾದ ಮೇಲೆ ಆರ್ಮ್ ವಿನ್ಯಾಸಗಳನ್ನು ಯಾರಿಗೆ ಮಾರಬೇಕು ಯಾರಿಗೆ ಮಾರಕೂಡದೆಂಬುದನ್ನು ವಾಷಿಂಗ್ಟನ್ ನಿರ್ಧರಿಸುತ್ತದೆಂದೂ ಎಚ್ಚರಿಸಿದರು.

ತನಿಖೆಗಳು ನಡೆದುವು. ಬ್ರಿಟನ್ನಿನ ಸ್ಪರ್ಧಾನಿಯಂತ್ರಕರು 2021ರ ಆಗಸ್ಟಿನಲ್ಲಿ ತಮ್ಮ ಆತಂಕಗಳನ್ನು ಪ್ರಕಟಿಸಿದರು. ಅಕ್ಟೋಬರಿನಲ್ಲಿ ಐರೋಪ್ಯ ಒಕ್ಕೂಟ ಆಳವಾದ ವಿಚಾರಣೆಗೆ ತೊಡಗಿತು. ಡಿಸೆಂಬರ್ 2ರಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕ್ರಯವನ್ನು ತಡೆಯಲು ದಾವೆ ಹೂಡಿತು. ಅಮೆರಿಕದ ಸಂಸ್ಥೆಯೇ ಅಮೆರಿಕದ ಕಂಪೆನಿಯ ಲಾಭಕ್ಕೆ ಅಡ್ಡ ನಿಂತುದು ನನಗೆ ಬಹಳ ಗೌರವಾರ್ಹವಾಗಿ ಕಾಣುತ್ತದೆ. ಅದರ ವಾದದಲ್ಲಿ ಒಂದಂಶ ವಿಶೇಷ ಮನನಯೋಗ್ಯ: ಪರವಾನಗಿ ಪಡೆದವರು ಆರ್ಮ್‌ನೊಡನೆ ಹಂಚಿಕೊಂಡ ವ್ಯಾಪಾರದ ಗುಟ್ಟುಗಳೆಲ್ಲ ಅವರ ಸ್ಪರ್ಧಿಯ ಕೈಗೆ ಸಿಕ್ಕುವಂತಾಗುತ್ತದೆ, ತತ್ಫಲವಾಗಿ ಅವರು ಇನ್ನು ಮುಂದೆ ಗುಟ್ಟನ್ನೇ ಹಂಚಿಕೊಳ್ಳದೆ ಹೋಗುತ್ತಾರೆ, ಹಾಗಾದರೆ ವಿನ್ಯಾಸ ಬೆಳೆಯುವ ಬಗೆಯೇ ನಿಂತುಹೋಗುತ್ತದೆ. 2022ರ ಫೆಬ್ರವರಿ 8ರಂದು ಎರಡೂ ಪಕ್ಷಗಳು ವ್ಯವಹಾರವನ್ನು ಕೈಬಿಟ್ಟುವು. ಮುಂಗಡವಾಗಿ ಬಂದಿದ್ದ 125 ಕೋಟಿ ಡಾಲರು ಸಾಫ್ಟ್‌ಬ್ಯಾಂಕಿನಲ್ಲಿಯೇ ಉಳಿಯಿತು. ಅದೇ ದಿನ ಸೆಗಾರ್ಸ್ ಅವರ ಜಾಗಕ್ಕೆ ರೆನೆ ಹಾಸ್ ಬಂದರು. ಹಿಂದೆ ಹೇಳಿದ ಕೆಲಸ ಕಡಿತ ಬಂದುದು ಇದಾದ ಮುಂದಿನ ತಿಂಗಳಿನಲ್ಲಿ.

ಇದೇ ಬ್ರಿಟನ್ನಿನ ಇನ್ನೊಂದು ವಿನ್ಯಾಸ ಸಂಸ್ಥೆಗೆ ಇಷ್ಟು ಅದೃಷ್ಟವೂ ಇರಲಿಲ್ಲ. ಫೋನಿನ ಪರದೆಯ ಮೇಲೆ ಚಿತ್ರ ಮೂಡಿಸುವ ಚಿಪ್ಪುಗಳ ವಿನ್ಯಾಸಕ್ಕೆ ಹೆಸರಾಗಿದ್ದ ಇಮ್ಯಾಜಿನೇಷನ್ ಟೆಕ್ನಾಲಜೀಸ್, ಮುಖ್ಯ ಗಿರಾಕಿಯಾಗಿದ್ದ ಆಪಲ್ 2017ರ ಏಪ್ರಿಲಿನಲ್ಲಿ ಇನ್ನು ನಿಮ್ಮ ವಿನ್ಯಾಸ ಬೇಡವೆಂದೊಡನೆ ಒಂದೇ ದಿನದಲ್ಲಿ ತನ್ನ ಷೇರುಬೆಲೆಯ ಬಹುಪಾಲನ್ನು ಕಳೆದುಕೊಂಡು, ಆ ವರ್ಷವೇ ಚೀನಾದ ಸರ್ಕಾರಿ ಹಣದ ಬೆಂಬಲವಿದ್ದ ಹೂಡಿಕೆ ಸಂಸ್ಥೆಯೊಂದಕ್ಕೆ 55 ಕೋಟಿ ಪೌಂಡಿಗೆ ಮಾರಾಟವಾಯಿತು. 2020ರಲ್ಲಿ ಆಡಳಿತ ಮಂಡಲಿಯೊಳಕ್ಕೆ ತಮ್ಮವರನ್ನು ಸೇರಿಸಲು ಚೀನಾ ಪಕ್ಷ ಯತ್ನಿಸಿದಾಗ ಬ್ರಿಟನ್ನಿನ ಸಂಸತ್ತು ಎಚ್ಚೆತ್ತು ವಿಚಾರಿಸಿತು. ರಾಷ್ಟ್ರೀಯ ಭದ್ರತೆಯ ದೃಷ್ಟಿಯಿಂದ ಇಂತಹ ಕ್ರಯಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಹೊಸ ಕಾಯಿದೆ ಅಲ್ಲಿ ಜಾರಿಗೆ ಬಂದುದು 2022ರ ಜನವರಿ 4ರಂದು.

ಎನ್ವಿಡಿಯಾ ಕೈಬಿಟ್ಟ ಮೇಲೆ ಸಾಫ್ಟ್‌ಬ್ಯಾಂಕಿಗೆ ಉಳಿದುದು ಷೇರುಪೇಟೆ. ಲಂಡನ್ನಿನಲ್ಲಿಯೂ ಷೇರು ಬಿಡಬೇಕೆಂದು ಬ್ರಿಟನ್ನಿನ ಪ್ರಧಾನಿಗಳು ಮಾಡಿಕೊಂಡ ವಿನಂತಿ ಫಲಿಸಲಿಲ್ಲ. 2023ರ ಸೆಪ್ಟೆಂಬರ್ 14ರಂದು ಆರ್ಮ್ ನ್ಯೂಯಾರ್ಕಿನ ನಾಸ್ಡಾಕ್ ಪೇಟೆಗೆ ಬಂದಿತು. ಷೇರೊಂದಕ್ಕೆ 51 ಡಾಲರಿನಂತೆ ಸುಮಾರು 487 ಕೋಟಿ ಡಾಲರು ಕೂಡಿತು. ನೂರಕ್ಕೆ ಸುಮಾರು 90ರಷ್ಟು ಪಾಲು ಸಾಫ್ಟ್‌ಬ್ಯಾಂಕಿನಲ್ಲಿಯೇ ಉಳಿಯಿತು. ಪೇಟೆಗೆ ಬಂದ ಕಂಪೆನಿ ವರ್ಷ ವರ್ಷವೂ ಬೆಳೆದು ತೋರಿಸಬೇಕು. ಫೋನುಗಳ ಸಂಖ್ಯೆಯೋ ಮೊದಲಿನ ವೇಗದಲ್ಲಿ ಬೆಳೆಯುತ್ತಿಲ್ಲ. ಹಾಗಾದರೆ ಪ್ರತಿಯೊಂದು ಕಣದಿಂದಲೂ ಒಂದೆರಡು ಕೊಳಗ ಹೆಚ್ಚಾಗಿ ಅಳೆಯಿಸಿಕೊಳ್ಳದೆ ಬೇರೆ ದಾರಿಯೇನಿದೆ? ಈ ಬದಲಾವಣೆಯ ನೆರಳನ್ನು ನಾನು ನೂವಿಯಾ ಮೊಕದ್ದಮೆಯಲ್ಲಿ ಕಾಣುತ್ತೇನೆ. ಆಪಲ್‌ನಿಂದ ಹೊರಬಂದ ಎಂಜಿನಿಯರುಗಳು ಕಟ್ಟಿದ್ದ ನೂವಿಯಾ ಎಂಬ ಸಣ್ಣ ಚಿಪ್ ವಿನ್ಯಾಸ ಕಂಪೆನಿಯನ್ನು ಕ್ವಾಲ್ಕಾಮ್ 2021ರಲ್ಲಿ 140 ಕೋಟಿ ಡಾಲರಿಗೆ ಕೊಂಡುಕೊಂಡಿತು. ನೂವಿಯಾ ಪಡೆದಿದ್ದ ಆರ್ಮ್ ಪರವಾನಗಿಯ ವಿಷಯದಲ್ಲಿ, ಗೇಣಿದಾರ ಬದಲಾದರೆ ಹಳೆಯ ಗೇಣಿಚೀಟಿ ನಡೆಯುತ್ತದೆಯೇ, ಹೊಸದಾಗಿ ಬರೆದುಕೊಳ್ಳಬೇಕೇ ಎಂಬಂತಹ ಪ್ರಶ್ನೆಯ ಮೇಲೆ, 2022ರ ಆಗಸ್ಟಿನಲ್ಲಿ ಆರ್ಮ್ ತನ್ನ ಅತಿ ದೊಡ್ಡ ಗಿರಾಕಿಗಳಲ್ಲಿ ಒಂದಾದ ಅದೇ ಕ್ವಾಲ್ಕಾಮ್‌ನ ಮೇಲೆ ದಾವೆ ಹೂಡಿತು. 2024ರ ಡಿಸೆಂಬರಿನಲ್ಲಿ ಡೆಲಾವೇರಿನ ಪಂಚರು ಕ್ವಾಲ್ಕಾಮ್‌ನ ಚಿಪ್ಪುಗಳಿಗೆ ತಕ್ಕ ಪರವಾನಗಿಯಿದೆಯೆಂದೇ ತೀರ್ಮಾನಿಸಿದರು. ನೀರುಗಂಟಿಯೂ ರೈತನೂ ಕಚೇರಿ ಮೆಟ್ಟಿಲು ಹತ್ತಿದ ಮೇಲೆ ತೀರ್ಪು ಯಾರ ಕಡೆಗಾದರೇನು, ಮರುವರ್ಷ ಇಬ್ಬರೂ ಏರಿಯ ಮೇಲೆ ಮುಖಾಮುಖಿಯಾದಾಗ ಮೊದಲಿನಂತೆ ಮಾತಾಡಿಸಲಾರರು.

ಇಂತಹ ಸ್ಥಿತಿಯಲ್ಲಿ ರೈತರು ಮಾಡುವುದೇನು? ತಂತಮ್ಮ ಬಾವಿ ತೋಡಲು ಹೊರಡುತ್ತಾರೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಕ್ರಸ್ಟೆ ಅಸನೋವಿಚ್, ಡೇವಿಡ್ ಪ್ಯಾಟರ್‌ಸನ್ ಮೊದಲಾದವರು ರಿಸ್ಕ್-ಫೈವ್ ಎಂಬ ಹೊಸದೊಂದು ಚಿಪ್ ಭಾಷೆಯನ್ನು ರಚಿಸಿ, ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಬಿಟ್ಟುಕೊಟ್ಟಿದ್ದರು. ಅದನ್ನು ನೋಡಿಕೊಳ್ಳುವ ಸಂಸ್ಥೆ, ಯಾವುದೊಂದು ದೇಶದ ಹಂಗಿಗೂ ಒಳಗಾಗಬಾರದೆಂದು 2020ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ನೆಲೆಸಿತು. ಆರ್ಮ್ ಯಾರ ಪಾಲಾಗುವುದೋ ಎಂದು ತಿಳಿಯದಿದ್ದ ಆ ಹದಿನೇಳು ತಿಂಗಳು ಈ ಹೊಸ ಭಾಷೆಗೆ ಬಂದ ಒಲವು ಹಿಂದೆಂದೂ ಬಂದಿರಲಿಲ್ಲವೆಂದು ನನ್ನ ಅಭಿಪ್ರಾಯ. ಮಾರಾಟ ನಿಂತ ಮೇಲೂ ಅದು ಇಳಿಯಲಿಲ್ಲ. 2023ರ ಆಗಸ್ಟಿನಲ್ಲಿ ಬಾಷ್, ಇನ್ಫಿನಿಯಾನ್, ನಾರ್ಡಿಕ್, ಎನ್‌ಎಕ್ಸ್‌ಪಿ, ಕ್ವಾಲ್ಕಾಮ್ ಐವರೂ ಕೂಡಿ ರಿಸ್ಕ್-ಫೈವ್ ಚಿಪ್ಪುಗಳಿಗಾಗಿ ಜರ್ಮನಿಯಲ್ಲಿ ಒಂದು ಕಂಪೆನಿಯನ್ನು ಕಟ್ಟುವುದಾಗಿ ಸಾರಿದರು. ಐವರೂ ಆರ್ಮ್‌ನ ಹಳೆಯ ಒಕ್ಕಲುಗಳು.

ನಮ್ಮ ದೇಶದಲ್ಲಿಯೂ ಬಾವಿ ತೋಡುವ ಸದ್ದು ಕೇಳುತ್ತಿದೆ. ಮದರಾಸಿನ ಐಐಟಿಯಲ್ಲಿ ಪ್ರೊಫೆಸರ್ ವಿ. ಕಾಮಕೋಟಿಯವರ ತಂಡ ಇದೇ ಮುಕ್ತಭಾಷೆಯಲ್ಲಿ ಶಕ್ತಿ ಎಂಬ ಚಿಪ್ ಪರಿವಾರವನ್ನು ರಚಿಸಿತು. 2018ರಲ್ಲಿ ಅದರ ಒಂದು ಚಿಪ್ ಅಮೆರಿಕದಲ್ಲಿ ಇಂಟೆಲ್‌ನ ಕಾರ್ಖಾನೆಯಲ್ಲಿ ತಯಾರಾಗಿ ಬಂದರೆ, ರಿಮೋ ಎಂಬ ಇನ್ನೊಂದು ನಮ್ಮ ಚಂಡೀಗಢದ ಸಮೀಪದ ಸರ್ಕಾರಿ ಕಾರ್ಖಾನೆಯಲ್ಲಿ, ಲೋಕದ ಲೆಕ್ಕದಲ್ಲಿ ಬಹು ಹಳೆಯದಾದ 180 ನ್ಯಾನೋಮೀಟರ್ ಪದ್ಧತಿಯಲ್ಲಿಯೇ ರೂಪುಗೊಂಡಿತು. 2022ರ ಏಪ್ರಿಲಿನಲ್ಲಿ ಭಾರತ ಸರ್ಕಾರ ರಿಸ್ಕ್-ಫೈವ್ ಚಿಪ್ಪುಗಳಿಗಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ಬೆಂಗಳೂರಿನ ಎಂಜಿನಿಯರುಗಳು ಹಗಲು ಆರ್ಮ್ ವಿನ್ಯಾಸದ ಮೇಲೆ ದುಡಿಯುತ್ತಿದ್ದರೂ ಅವರ ತಮ್ಮಂದಿರು ಕಾಲೇಜಿನಲ್ಲಿ ಕಲಿಯುತ್ತಿರುವುದು ಈ ಹೊಸ ವ್ಯಾಕರಣವನ್ನು. ಇದನ್ನು ಕಂಡು ನನಗೆ ಸಂತೋಷವಾಗುತ್ತದೆ. ಆದರೆ ಒಂದು ಮಾತನ್ನು ಬಚ್ಚಿಡಲಾರೆ. ಎಲ್ಲರೂ ತಮ್ಮ ತಮ್ಮ ಬಾವಿ ತೋಡಿಕೊಂಡ ಊರುಗಳಲ್ಲಿ ಕೆರೆಯ ಹೂಳೆತ್ತುವವರು ಇಲ್ಲದಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದೇ ಭಾಷೆಯಾಗಿದ್ದುದರಿಂದಲೇ ಒಬ್ಬನು ಬರೆದ ತಂತ್ರಾಂಶ ಸಾವಿರ ಕಂಪೆನಿಗಳ ಫೋನಿನಲ್ಲಿ ನಡೆಯುತ್ತಿತ್ತು; ಮುಕ್ತವಾದುದನ್ನು ಪ್ರತಿಯೊಬ್ಬನೂ ತನಗೆ ಬೇಕಾದಂತೆ ತಿದ್ದಿಕೊಂಡರೆ ಆ ಏಕತೆ ಉಳಿಯುವುದೇ ಎಂಬ ಸಂದೇಹ ಆ ಕ್ಷೇತ್ರದ ಬಲ್ಲವರಲ್ಲಿಯೂ ಇದೆ.

ಈ ನಡುವೆ ಕೇಂಬ್ರಿಜ್‌ನ ಕಥೆ ಇನ್ನೊಂದು ತಿರುವಿಗೆ ಬಂದಿದೆ. 2024ರಲ್ಲಿ ಸಾಫ್ಟ್‌ಬ್ಯಾಂಕ್, ಕೃತಕಬುದ್ಧಿಯ ಚಿಪ್ಪುಗಳನ್ನು ರೂಪಿಸುವ ಬ್ರಿಸ್ಟಲ್‌ನ ಗ್ರಾಫ್‌ಕೋರ್ ಕಂಪೆನಿಯನ್ನು ಕೊಂಡಿತು. 2025ರ ಮಾರ್ಚಿಯಲ್ಲಿ, ಆರ್ಮ್ ಭಾಷೆಯ ಚಿಪ್ಪುಗಳನ್ನು ದೊಡ್ಡ ಗಣಕಾಗಾರಗಳಿಗೆ ಮಾರುವ ಅಮೆರಿಕದ ಆಂಪಿಯರ್ ಕಂಪೆನಿಯನ್ನು 650 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದೇ ವರ್ಷದ ಜುಲೈಯಲ್ಲಿ ಆರ್ಮ್ ಕೂಡ, ಬರಿಯ ವಿನ್ಯಾಸವನ್ನು ಕೊಡುವುದರಿಂದ ಮುಂದೆ ಹೋಗಿ, ತಾನೇ ಚಿಪ್ಪುಗಳನ್ನು ರಚಿಸುವ ಸಾಧ್ಯತೆಗೆ ಹಣ ತೊಡಗಿಸುತ್ತಿರುವುದಾಗಿ ತಿಳಿಸಿತು. ಎನ್ವಿಡಿಯಾ ಹೆಬ್ಬಾಗಿಲಿನಿಂದ ಬರಲೆತ್ನಿಸಿದಾಗ ಎರಡು ಖಂಡಗಳ ನಿಯಂತ್ರಕರು ಅಡ್ಡ ನಿಂತರು. ಈಗ ಒಡೆಯನೇ ಕೆರೆಯ ಕೆಳಗೆ ಒಂದೊಂದಾಗಿ ಗದ್ದೆ ಕೊಳ್ಳುತ್ತಿರುವಾಗ, ನೀರುಗಂಟಿಯೇ ನೇಗಿಲು ಕಟ್ಟುವ ಮಾತಾಡುತ್ತಿರುವಾಗ, ಅಷ್ಟು ದೊಡ್ಡ ಗದ್ದಲವೇನೂ ಎದ್ದಿಲ್ಲ.

ನಮ್ಮೂರಿನಲ್ಲಿ ನೀರುಗಂಟಿಯ ಕೆಲಸ ಒಂದೇ ಮನೆತನಕ್ಕೆ ತಲೆತಲಾಂತರದಿಂದ ಬಂದುದು ಏಕೆಂದು ಹುಡುಗನಾಗಿದ್ದಾಗ ಒಮ್ಮೆ ತಾತನನ್ನು ಕೇಳಿದ್ದೆ. ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದವರು ಅಡಕೊತ್ತನ್ನು ನಿಲ್ಲಿಸಿ ಕೆರೆಯ ಕಡೆಗೆ ಕೈ ತೋರಿಸಿದರು. "ಅಲ್ಲಿಂದ ಕೋಡಿಯವರೆಗೂ ನೋಡ್ಕೊಂಡು ಬಾ ಮಗು," ಎಂದರು, "ಎಲ್ಲರ ಗದ್ದೇನೂ ಅದೆ, ಅವನದು ಒಂದು ಗುಂಟೆಯೂ ಇಲ್ಲ."